ಗದಗ ಹೌದು, ವಿಕಟಕವಿ ಅಲ್ಲ

ಲೆಕ್ಕ ತಾಳೆಯಾಗದ ರಾತ್ರಿ ನಿದ್ದೆ ಹತ್ತುವುದಿಲ್ಲ. ಗದಗ-ಬೆಟಗೇರಿಯ ಒಂದು ನೇಕಾರರ ಸಹಕಾರ ಸಂಘದಲ್ಲಿ 1987ರಿಂದ 2021ರವರೆಗೆ ನಾನು ಲೆಕ್ಕ ಬರೆದೆ. ಯಾರಿಗೆ ನೂಲು ಎಷ್ಟು ಕೊಟ್ಟೆವು, ಸೀರೆ ಎಷ್ಟು ಬಂದವು, ಕೂಲಿ ಎಷ್ಟು, ಮುಂಗಡದಲ್ಲಿ ಎಷ್ಟು ತೀರಿತು, ಎಷ್ಟು ಉಳಿಯಿತು. ಮೂವತ್ನಾಲ್ಕು ವರ್ಷ ಇದೇ ಕೆಲಸ. ತಿಂಗಳ ಕೊನೆಗೆ ಜಮಾ-ಖರ್ಚು ಕೂಡದಿದ್ದರೆ ಏನು ಮಾಡಬೇಕೆಂದು ಹಿರಿಯ ಗುಮಾಸ್ತರೊಬ್ಬರು ನನಗೆ ಹೇಳಿಕೊಟ್ಟಿದ್ದರು. ವ್ಯತ್ಯಾಸದ ಮೊತ್ತವನ್ನು ಮೊದಲು ಒಂಬತ್ತರಿಂದ ಭಾಗಿಸಿ ನೋಡು. ಶೇಷವಿಲ್ಲದೆ ಭಾಗವಾದರೆ ಎಲ್ಲೋ ಅಂಕಿ ಅದಲುಬದಲಾಗಿರಬಹುದು. 85 ಬರೆಯುವಲ್ಲಿ 58 ಬರೆದಿರುತ್ತೀ, 27 ಕಡಿಮೆ ಬೀಳುತ್ತದೆ. ಹಾಗಾಗದಿದ್ದರೆ ವ್ಯತ್ಯಾಸವನ್ನು ಅರ್ಧ ಮಾಡಿ, ಆ ಮೊತ್ತ ಪುಸ್ತಕದಲ್ಲಿ ಎಲ್ಲಾದರೂ ಇದೆಯೇ ಹುಡುಕು. ಸಿಕ್ಕರೆ, ಜಮೆಗೆ ಹೋಗಬೇಕಾದದ್ದು ಖರ್ಚಿಗೆ ಹೋಗಿ ಕೂತಿದೆ.

ಕಂಪ್ಯೂಟರ್ ಕಲಿತ ಕಥೆಯನ್ನು ಖಾತೆ ಪುಸ್ತಕದಿಂದ ಶುರುಮಾಡಿದ್ದಕ್ಕೆ ಕಾರಣವಿದೆ. ಅರವತ್ತೆರಡನೆಯ ವಯಸ್ಸಿನಲ್ಲಿ ಪ್ರೋಗ್ರಾಂ ಬರೆಯಲು ಕೂತಾಗ ನನ್ನ ಜೊತೆಗೆ ಬಂದದ್ದು ಈ ಅಭ್ಯಾಸ ಒಂದೇ.

ಸಂಘಕ್ಕೆ ಕಂಪ್ಯೂಟರ್ ಬಂದದ್ದು ನನ್ನ ಸೇವೆಯ ಕೊನೆಯ ವರ್ಷಗಳಲ್ಲಿ. ಅದಕ್ಕೊಂದು ಬೇರೆ ಕೋಣೆ, ಕೋಣೆಗೊಂದು ಪರದೆ, ಪರದೆಯ ಹಿಂದೆ ಒಬ್ಬ ಹುಡುಗ. ನಾನು ಪುಸ್ತಕ ನೋಡಿ ಓದಬೇಕು, ಅವನು ಒತ್ತಬೇಕು. ಹತ್ತಿರ ಹೋದರೆ ಯಾರಾದರೂ ಒಬ್ಬರು ಅನ್ನುವರು: “ಮುಟ್ಟಬ್ಯಾಡ್ರಿ ಅಕ್ಕಾರ, ಕೆಡತೈತಿ.” ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ. ಲೆಕ್ಕ ನನ್ನದು, ತಪ್ಪಾದರೆ ಕೇಳುವುದೂ ನನ್ನನ್ನೇ, ಯಂತ್ರ ಮಾತ್ರ ಇನ್ನೊಬ್ಬರದು. ಕೀಲಿ ಒತ್ತಿದ್ದರಿಂದ ಕಂಪ್ಯೂಟರ್ ಕೆಡುವುದಿಲ್ಲ ಎಂಬುದನ್ನು ಅಂದು ಯಾರಾದರೂ ಹೇಳಿದ್ದರೆ ನಾನು ಹತ್ತು ವರ್ಷ ಮೊದಲೇ ಕಲಿಯುತ್ತಿದ್ದೆ.

ನಿವೃತ್ತಿಯಾದ ಮೇಲೆ ಪಿಂಚಣಿಗಾಗಿ ವರ್ಷಕ್ಕೊಮ್ಮೆ ‘ಬದುಕಿದ್ದೇನೆ’ ಎಂದು ಪ್ರಮಾಣ ಕೊಡಬೇಕು. ಅದಕ್ಕೆ 2014ರಿಂದ ‘ಜೀವನ್ ಪ್ರಮಾಣ್’ ಎಂಬ ಡಿಜಿಟಲ್ ವ್ಯವಸ್ಥೆ ಇದೆ, ಈಗಂತೂ ಮನೆಯಲ್ಲೇ ಕೂತು ಮೊಬೈಲಿನ ಕ್ಯಾಮೆರಾಕ್ಕೆ ಮುಖ ತೋರಿಸಿ ಮುಗಿಸಬಹುದು. ನನಗದು ತಿಳಿದಿರಲಿಲ್ಲ. ಒಂದು ಅಂಗಡಿಯ ಮುಂದೆ ಪಾಳಿ ಹಚ್ಚಿ ನಿಂತೆ. ಫೋನನ್ನು ಅಂಗಡಿಯವರ ಕೈಗೆ ಕೊಟ್ಟೆ. ಬಂದ ಓಟಿಪಿಯನ್ನು ಅವರು ಹತ್ತು ಜನರ ಎದುರು ಗಟ್ಟಿಯಾಗಿ ಓದಿಸಿಕೊಂಡರು. ಮನೆಗೆ ನಡೆದು ಬರುವಾಗ ಕಾಲು ಭಾರವಾಯಿತು. ಸಂಘದ ತಿಜೋರಿಯ ಕೀಲಿಯನ್ನು ಮೂವತ್ನಾಲ್ಕು ವರ್ಷದಲ್ಲಿ ಒಂದು ದಿನವೂ ಇನ್ನೊಬ್ಬರ ಕೈಗೆ ಕೊಟ್ಟವಳಲ್ಲ ನಾನು. ನನ್ನದೇ ತಿಜೋರಿಯ ಕೀಲಿಯನ್ನು ಇವತ್ತು ಸಂತೆಯಲ್ಲಿ ಕೂಗಿ ಹೇಳಿ ಬಂದಿದ್ದೆ.

ಕಂಪ್ಯೂಟರ್ ಕಲಿಯಲೇಬೇಕೆಂದು ಮೊದಲು ಒಂದು ತರಬೇತಿ ಕೇಂದ್ರಕ್ಕೆ ಸೇರಿದೆ. ಇಪ್ಪತ್ತು ಜನರಿಗೆ ಆರು ಕಂಪ್ಯೂಟರ್. ಮೇಷ್ಟ್ರು ಗೋಡೆಯ ಮೇಲೆ ಚಿತ್ರ ತೋರಿಸುತ್ತ ಸಿಪಿಯು ಎಂದರೇನು, ರ‍್ಯಾಮ್ ಎಂದರೇನು ಎಂದು ಬರೆಸಿದರು. ನಾವು ಬರೆದುಕೊಂಡೆವು. ತಿಂಗಳ ಕೊನೆಗೆ ನನ್ನ ನೋಟ್ ಪುಸ್ತಕ ತುಂಬಿತ್ತು, ಮೌಸ್ ಹಿಡಿದದ್ದು ಎಲ್ಲ ಸೇರಿ ಎರಡು ಗಂಟೆಯೂ ಇರಲಿಕ್ಕಿಲ್ಲ. ಮಗ್ಗದ ಭಾಗಗಳ ಹೆಸರು ಬಾಯಿಪಾಠ ಮಾಡಿದವನು ನೇಕಾರನಾಗುವುದಿಲ್ಲ. ನಾನು ಬಿಟ್ಟೆ.

ನನಗೆ ಕಲಿಸಿದ್ದು ಪಕ್ಕದ ಮನೆಯ ಹುಡುಗಿ. ಹತ್ತೊಂಬತ್ತು ವರ್ಷ, ಬಿಸಿಎ ಓದುತ್ತಿದ್ದಳು. ಮಗ ಬಿಟ್ಟುಹೋಗಿದ್ದ ಹಳೆಯ ಲ್ಯಾಪ್‌ಟಾಪ್ ತೆಗೆದು ಒರೆಸಿ ಮೇಜಿನ ಮೇಲಿಟ್ಟಾಗ ಅವಳು ಹೇಳಿದ ಮೊದಲ ಮಾತು: “ಕಾಕೂ, ನಾ ಮೌಸ್ ಮುಟ್ಟಂಗಿಲ್ಲ. ನೀವ ಮಾಡ್ರಿ, ನಾ ಕುಂತು ನೋಡತೀನಿ.” ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರುವಳು. ನಾನು ಬಾಣದ ಗುರುತನ್ನು ಪರದೆಯ ಈ ಮೂಲೆಯಿಂದ ಆ ಮೂಲೆಗೆ ಒಯ್ಯಲು ಹೆಣಗುವಾಗ ಅವಳ ಬೆರಳು ತುಡಿಯುವುದು ಕಾಣುತ್ತಿತ್ತು, ಆದರೆ ಕೈ ಹೊರಗೆ ಬರುತ್ತಿರಲಿಲ್ಲ. ನಾನು ಕಂಡ ಒಳ್ಳೆಯ ಮೇಷ್ಟ್ರುಗಳಲ್ಲಿ ಅವಳೂ ಒಬ್ಬಳು.

ವಯಸ್ಸಾದವರಿಗೆ ಮೊದಲ ಅಡ್ಡಿ ಡಬಲ್ ಕ್ಲಿಕ್. ಎರಡು ಸಲ ಒತ್ತುವ ನಡುವೆ ಬೆರಳು ನಡುಗಿ ಬಾಣ ಸರಿಯುತ್ತದೆ, ಕಡತ ತೆರೆಯುವುದಿಲ್ಲ. ಒಂದೇ ಸಲ ಒತ್ತಿ, ಆಮೇಲೆ ಎಂಟರ್ ಕೀಲಿ ಒತ್ತಿದರೂ ಅದೇ ಕೆಲಸವಾಗುತ್ತದೆ. ಎರಡು ಒತ್ತುಗಳ ನಡುವಿನ ವೇಳೆಯನ್ನು ಸೆಟ್ಟಿಂಗ್ಸ್‌ನಲ್ಲಿ ಹೆಚ್ಚಿಸಲೂಬಹುದು. ಇಷ್ಟು ಸಣ್ಣ ಮಾತು ತಿಳಿಯದೆ ಎಷ್ಟು ಹಿರಿಯರು ‘ನಮ್ಮ ಕೈಲಾಗದು’ ಎಂದು ಎದ್ದುಹೋಗಿದ್ದಾರೋ! ನನ್ನ ನೋಟ್ ಪುಸ್ತಕದ ಮೊದಲ ಪುಟದಲ್ಲಿ ದೊಡ್ಡದಾಗಿ ಬರೆದದ್ದು ಕಂಟ್ರೋಲ್ ಮತ್ತು ಝಡ್. ಈಗ ತಾನೇ ಮಾಡಿದ್ದನ್ನು ಹಿಂದಕ್ಕೆ ಪಡೆಯುವ ಕೀಲಿ ಅದು. ಖಾತೆ ಪುಸ್ತಕದಲ್ಲಿ ತಪ್ಪು ಬಿದ್ದರೆ ಕೆಂಪು ಶಾಯಿಯಲ್ಲಿ ಗೆರೆ ಎಳೆದು ಸಹಿ ಹಾಕಬೇಕಿತ್ತು. ಇಲ್ಲಿ ಎರಡು ಕೀಲಿ ಒತ್ತಿದರೆ ತಪ್ಪು ಆಗಿಯೇ ಇರಲಿಲ್ಲ ಎಂಬಂತೆ ಹಾಳೆ ಹಿಂದಿನ ಸ್ಥಿತಿಗೆ ಬರುತ್ತದೆ. ಅದನ್ನು ಕಲಿತ ದಿನ ಅರ್ಧ ಹೆದರಿಕೆ ಇಳಿಯಿತು.

ಫೈಲು, ಫೋಲ್ಡರು ನನಗೆ ಕಷ್ಟವಾಗಲಿಲ್ಲ. ಕಪಾಟು, ಕಪಾಟಿನಲ್ಲಿ ಖಾನೆ, ಖಾನೆಯಲ್ಲಿ ಕಡತ. ಎಲ್ಲಿಟ್ಟೆ ಎಂದು ಬರೆದಿಡುವ ಅಭ್ಯಾಸ ಇದ್ದವರಿಗೆ ಅದು ಹೊಸದಲ್ಲ.

ಕನ್ನಡ ಟೈಪಿಂಗ್ ಬಗ್ಗೆ ಮಾತ್ರ ಸ್ವಲ್ಪ ಹೇಳಲೇಬೇಕು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿರುವ ಕೀಲಿಮಣೆಯ ವಿನ್ಯಾಸ ಕೆ.ಪಿ. ರಾವ್ ಅವರದು. ಅದರ ಸೊಗಸು ಏನೆಂದರೆ ನಾವು ಉಚ್ಚರಿಸುವ ಕ್ರಮದಲ್ಲೇ ಬೆರಳು ಹೋಗುತ್ತದೆ. ಒತ್ತಕ್ಷರ ಬೇಕಾದಾಗ ನಡುವೆ ‘ಎಫ್’ ಕೀಲಿ: ನ, ಎಫ್, ನ ಎಂದು ಒತ್ತಿದರೆ ‘ನ್ನ’. ಹಿಂದಿ ಅಥವಾ ಇಂಗ್ಲಿಷ್ ಟೈಪಿಂಗ್ ಬಾರದ ನಾನು ಎರಡು ವಾರದಲ್ಲಿ ಒಂದು ಪುಟ ಹೊಡೆದೆ. ಅದೇ ಹೊತ್ತಿಗೆ ಇನ್ನೊಂದು ಪೆಟ್ಟೂ ಬಿತ್ತು. ಬಹಳ ಹಿಂದೆ ಯಾರೋ ಟೈಪ್ ಮಾಡಿಕೊಟ್ಟಿದ್ದ ಸದಸ್ಯರ ಪಟ್ಟಿಯ ಫೈಲು ನನ್ನ ಬಳಿ ಇತ್ತು. ತೆರೆದರೆ ಒಂದು ಕನ್ನಡ ಅಕ್ಷರವಿಲ್ಲ, ಎಲ್ಲ ಚಿತ್ರವಿಚಿತ್ರ ಇಂಗ್ಲಿಷ್ ಚಿಹ್ನೆಗಳು. ಹಳೆಯ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದವು. ಆ ಫಾಂಟು ಇಲ್ಲದ ಕಂಪ್ಯೂಟರಿಗೆ ಕೆಳಗಿನ ಇಂಗ್ಲಿಷ್ ಮಾತ್ರ ಕಾಣುತ್ತದೆ. ಯೂನಿಕೋಡ್‌ನಲ್ಲಿ ಹಾಗಿಲ್ಲ. ಅಲ್ಲಿ ಕನ್ನಡಕ್ಕೆ ತನ್ನದೇ ಆದ 128 ಮನೆಗಳಿವೆ, ‘ಕ’ ಎಂದರೆ ಜಗತ್ತಿನ ಯಾವ ಕಂಪ್ಯೂಟರಿಗೂ 3221ನೆಯ ಮನೆ. ಆದ್ದರಿಂದ ಈಗ ಕಲಿಯುವವರು ಮೊದಲ ದಿನದಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಬೇಕು. ಈ ಮನೆ ಸಂಖ್ಯೆಯ ಮಾತು ಮುಂದೆ ಮತ್ತೆ ಬರುತ್ತದೆ.

ಹಣದ ವಿಷಯದಲ್ಲಿ ಹುಡುಗಿ ನನ್ನಿಂದ ಮೂರು ಸಲ ಹೇಳಿಸಿದ ಮಾತುಗಳಿವೆ. ಯುಪಿಐ ಪಿನ್ ಬೇಕಾಗುವುದು ಹಣ ಕೊಡುವಾಗ, ಹಣ ಬರಲು ಪಿನ್ ಬೇಡ. ‘ನಿಮಗೆ ಹಣ ಹಾಕುತ್ತೇವೆ, ಈ ಚೌಕ ಸ್ಕ್ಯಾನ್ ಮಾಡಿ ಪಿನ್ ಒತ್ತಿ’ ಎಂದವರು ಕಳ್ಳರೇ. ಓಟಿಪಿಯನ್ನು ಫೋನಿನಲ್ಲಿ ಕೇಳಿದವರಿಗೆ ಕೊಡಬಾರದು. ಮೋಸ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡ ಮಾಡಿದಷ್ಟೂ ಹಣ ಖಾತೆಯಿಂದ ಖಾತೆಗೆ ಹಾರಿ ಕೈತಪ್ಪುತ್ತದೆ. ನಾಚಿಕೆಯಿಂದ ಸುಮ್ಮನೆ ಕೂರುವವರನ್ನು ನಮ್ಮ ಓಣಿಯಲ್ಲೇ ಕಂಡಿದ್ದೇನೆ. ನಾಚಬೇಕಾದವರು ಕದ್ದವರು.

ಇನ್ನು ಲೆಕ್ಕದ ಹಾಳೆ. ಲಿಬ್ರೆಆಫೀಸ್ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಅದರೊಳಗಿನ ‘ಕ್ಯಾಲ್ಕ್’ ನನ್ನ ಹೊಸ ಖಾತೆ ಪುಸ್ತಕವಾಯಿತು. ಒಂದು ಹಾಳೆಯಲ್ಲಿ 10,48,576 ಸಾಲುಗಳು. ನನ್ನ ಇಡೀ ಸೇವಾವಧಿಯ ನಮೂದುಗಳನ್ನು ಹಾಕಿದರೂ ಮೂಲೆ ತುಂಬದು. ಮೊದಲ ವಾರವೇ ಒಂದು ಅನಾಹುತ ಮಾಡಿಕೊಂಡೆ. ಸದಸ್ಯರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು ಹೆಸರಿನ ಕಾಲಂ ಒಂದನ್ನೇ ಆರಿಸಿ ಆದೇಶ ಕೊಟ್ಟೆ. ಹೆಸರುಗಳು ಸಾಲಾದವು, ಪಕ್ಕದ ಮೊತ್ತಗಳು ಅಲ್ಲೇ ಉಳಿದವು. ಒಬ್ಬರ ಸಾಲ ಇನ್ನೊಬ್ಬರ ತಲೆಗೆ ಬಂತು. ಕಂಟ್ರೋಲ್ ಝಡ್ ಕಾಪಾಡಿತು. ಜೋಡಿಸುವ ಮೊದಲು ಇಡೀ ಕೋಷ್ಟಕವನ್ನು ಆರಿಸಬೇಕು, ಮೂಲ ಹಾಳೆಯ ಒಂದು ನಕಲನ್ನು ಬೇರೆ ಇಟ್ಟಿರಬೇಕು. ಹಣದ ಲೆಕ್ಕ ಇಡುವವರು ಇದನ್ನು ಮರೆಯಬಾರದು.

ಪ್ರೋಗ್ರಾಮಿಂಗ್‌ಗೆ ನಾನು ಹೋದದ್ದು ನೂಲಿನ ದಾರಿಯಿಂದ. ಹತ್ತಿ ನೂಲಿಗೆ ನಂಬರ್ ಇರುತ್ತದೆ, 40ರ ನೂಲು, 80ರ ನೂಲು, ಹೀಗೆ. 840 ಗಜದ ಲಡಿಗಳು ಎಷ್ಟು ಸೇರಿದರೆ ಒಂದು ಪೌಂಡ್ ಆಗುತ್ತದೋ ಅದು ಆ ನೂಲಿನ ನಂಬರ್. ನಂಬರ್ ಹೆಚ್ಚಿದಷ್ಟೂ ಎಳೆ ಸಣ್ಣ. ಗಜ-ಪೌಂಡ್ ಹೋಗಿ ಮೀಟರ್-ಕಿಲೋ ಬಂದರೂ ನೂಲಿನ ಲೆಕ್ಕ ಮಾತ್ರ ಅದೇ ಹಳೆಯ ಇಂಗ್ಲಿಷ್ ಅಳತೆಯಲ್ಲಿ ಉಳಿದಿದೆ. ಮಗ್ಗದ ಉದ್ದಕ್ಕೆ ಹಾಯುವ ಹಾಸಿನಲ್ಲಿ 3,000 ಎಳೆ, ಉದ್ದ 20 ಮೀಟರ್, 80ರ ನೂಲು ಎಂದರೆ ತೂಕ ಎಷ್ಟು ಕೊಡಬೇಕು? 840 ಗಜ ಎಂದರೆ ಸುಮಾರು 768 ಮೀಟರ್. ಅದನ್ನು 80ರಿಂದ ಗುಣಿಸಿದರೆ ಒಂದು ಪೌಂಡಿಗೆ 61,440 ಮೀಟರ್. ನಮಗೆ ಬೇಕಾದ್ದು 60,000 ಮೀಟರ್. ಒಂದು ಪೌಂಡ್ 453.6 ಗ್ರಾಂ, ಹಾಗಾದರೆ ಸುಮಾರು 443 ಗ್ರಾಂ, ಮೇಲೆ ಸವಕಲಿಗೆ ಸ್ವಲ್ಪ. ಇದನ್ನು ನಾನು ಸಾವಿರಾರು ಸಲ ಕೈಯಲ್ಲಿ ಮಾಡಿದ್ದೇನೆ. ಹುಡುಗಿ ಕೇಳಿದಳು: “ಇದನ್ನ ಒಂದ ಸಲ ಹೇಳಿಕೊಟ್ಟರ ಅದ ಮಾಡತೈತಿ, ಹೇಳಿಕೊಡ್ತೀರೇನ್ರಿ?”

ಅವಳು ಆರಿಸಿದ ಭಾಷೆ ಪೈಥಾನ್. 1991ರಲ್ಲಿ ಗೀಡೋ ವಾನ್ ರಾಸಮ್ ಎಂಬ ಡಚ್ ಪ್ರೋಗ್ರಾಮರ್ ಬಿಡುಗಡೆ ಮಾಡಿದ್ದು, ಉಚಿತ. ಅದರ ಮೂಲ ಶಬ್ದಗಳು ಇಂಗ್ಲಿಷೇ. ಆದರೆ ಇಪ್ಪತ್ತು-ಮೂವತ್ತು ಶಬ್ದ ಸಾಕು. ಮಿಕ್ಕ ಹೆಸರುಗಳನ್ನು ನಾವೇ ಇಡುವುದು, ಮತ್ತು ಪೈಥಾನ್‌ನ ಮೂರನೆಯ ಆವೃತ್ತಿಯಿಂದ ಆ ಹೆಸರುಗಳು ಕನ್ನಡದಲ್ಲೇ ಇರಬಹುದು. ನಾನು ‘ಎಳೆ’, ‘ಉದ್ದ’, ‘ತೂಕ’ ಎಂದೇ ಬರೆದೆ. ತೂಕ ಸಮಾನ ಎಳೆ ಗುಣಿಸು ಉದ್ದ, ಭಾಗಿಸು ಇಷ್ಟು. ಎಂಟರ್ ಒತ್ತಿದಾಗ ಪರದೆಯ ಮೇಲೆ 443ರ ಹತ್ತಿರದ ಅಂಕಿ ಬಂತು. ನನ್ನ ಮಾತಿನಲ್ಲಿ ಹೇಳಿದ್ದನ್ನು ಅದು ಕೇಳಿತ್ತು. ಕಣ್ಣಲ್ಲಿ ನೀರು ಬಂತೆಂದು ಹೇಳಲು ನನಗೆ ಸಂಕೋಚವಿಲ್ಲ.

ಮರುದಿನವೇ ಅದು ನನ್ನನ್ನು ಬೆಚ್ಚಿಬೀಳಿಸಿತು. ಕೂಲಿ 450, ಬೋನಸ್ 30, ಒಟ್ಟು ಎಷ್ಟು ಎಂದು ಕೇಳಿದೆ. 45030 ಎಂದಿತು. ಕೀಲಿಮಣೆಯಿಂದ ಬಂದದ್ದನ್ನು ಪೈಥಾನ್ ಸಂಖ್ಯೆ ಎಂದು ತಿಳಿಯುವುದಿಲ್ಲ, ಬರವಣಿಗೆ ಎಂದು ತಿಳಿಯುತ್ತದೆ. ಎರಡು ಬರವಣಿಗೆಯನ್ನು ಕೂಡಿಸು ಎಂದರೆ ಒಂದರ ಪಕ್ಕ ಒಂದನ್ನು ಅಂಟಿಸುತ್ತದೆ. ‘ಇದು ಸಂಖ್ಯೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳಿದ ಮೇಲೆ ಒಂದು ಸೋಜಿಗ ಕಂಡೆ. ನಮ್ಮಪ್ಪನ ಕಾಲದ ಲೆಕ್ಕದ ಚೀಟಿಯೊಂದರಲ್ಲಿ ಕನ್ನಡ ಅಂಕಿಗಳಿದ್ದವು. ಸುಮ್ಮನೆ ‘೧೨’ ಎಂದು ಕೊಟ್ಟು ಸಂಖ್ಯೆ ಮಾಡು ಎಂದೆ. ತಕರಾರಿಲ್ಲದೆ 12 ಎಂದಿತು.

ಪೈಸೆಯ ಕಥೆ ಇನ್ನೂ ದೊಡ್ಡದು. 0.1ಕ್ಕೆ 0.2 ಕೂಡಿಸಿದರೆ 0.3 ಎಂದು ಎರಡನೇ ಇಯತ್ತೆಯ ಮಗು ಹೇಳೀತು. ಪೈಥಾನ್ 0.30000000000000004 ಎಂದಿತು. ಹದಿನೇಳನೆಯ ಸ್ಥಾನದಲ್ಲಿ ಒಂದು ನಾಲ್ಕು! ಲೆಕ್ಕ ಬರೆದವಳಿಗೆ ಅದು ಸಣ್ಣದೆಂದು ಬಿಡಲಾಗದು. ಹುಡುಗಿ ಹಾಳೆಯ ಮೇಲೆ ಬರೆದು ತೋರಿಸಿದಳು. ನಮ್ಮ ಹತ್ತರ ಲೆಕ್ಕದಲ್ಲಿ ಒಂದನ್ನು ಮೂರರಿಂದ ಭಾಗಿಸಿದರೆ 0.333 ಎಂದು ಮುಗಿಯದೆ ಹೋಗುತ್ತದಲ್ಲ, ಕಂಪ್ಯೂಟರ್ ಎಣಿಸುವುದು ಎರಡರ ಲೆಕ್ಕದಲ್ಲಿ, ಅಲ್ಲಿ ಹತ್ತನೇ ಒಂದು ಭಾಗವೂ ಹಾಗೆಯೇ ಮುಗಿಯುವುದಿಲ್ಲ. ಎಲ್ಲೋ ಕತ್ತರಿಸಬೇಕು, ಕತ್ತರಿಸಿದ ಚೂರು ಹೀಗೆ ತಲೆ ಹಾಕುತ್ತದೆ. ಪರಿಹಾರ ನನಗೇ ಹೊಳೆಯಿತು. ರೂಪಾಯಿ ಬಿಟ್ಟು ಎಲ್ಲವನ್ನೂ ಪೈಸೆಯಲ್ಲಿ ಇಡಬೇಕು. ಪೂರ್ಣಾಂಕಕ್ಕೆ ಈ ರೋಗವಿಲ್ಲ. ಕೊನೆಗೆ ನೂರರಿಂದ ಭಾಗಿಸಿ ತೋರಿಸಿದರೆ ಆಯಿತು. ಹಣದ ಪ್ರೋಗ್ರಾಂ ಬರೆಯುವ ನುರಿತವರೂ ಇದನ್ನೇ ಮಾಡುತ್ತಾರೆಂದು ಹುಡುಗಿ ಹೇಳಿದಾಗ ನನಗೆ ಹೆಮ್ಮೆಯಾಯಿತು.

ನಾನು ಎಲ್ಲಕ್ಕಿಂತ ಹೆಚ್ಚು ಕಲಿತದ್ದು ಮುಂಗಡದ ನಿಯಮ ಬರೆಯುವಾಗ. ನಮ್ಮಲ್ಲಿ ಪದ್ಧತಿ ಹೀಗಿತ್ತು: ಮುಂಗಡ ಬಾಕಿ ಇದ್ದರೆ ಕೂಲಿಯ ಕಾಲು ಭಾಗ ಮುರಿದುಕೊಂಡು ಉಳಿದದ್ದು ಕೊಡು, ಬಾಕಿ ಇಲ್ಲದಿದ್ದರೆ ಪೂರ್ತಿ ಕೊಡು. ‘ಇದ್ದರೆ’, ‘ಇಲ್ಲದಿದ್ದರೆ’. ಪ್ರೋಗ್ರಾಂನಲ್ಲಿ ಇದಕ್ಕೆ ಸರಿಯಾದ ಶಬ್ದಗಳಿವೆ, ನಾಲ್ಕು ಸಾಲಿನಲ್ಲಿ ಬರೆದೆ. ಪರೀಕ್ಷೆಗೆಂದು ಒಂದು ಲೆಕ್ಕ ಕೊಟ್ಟೆ: ಕೂಲಿ 1,000 ರೂಪಾಯಿ, ಮುಂಗಡ ಬಾಕಿ 100. ಪ್ರೋಗ್ರಾಂ 250 ಮುರಿದುಕೊಂಡಿತು. ನೂರು ರೂಪಾಯಿ ಕೊಡಬೇಕಾದ ನೇಕಾರನಿಂದ ಇನ್ನೂರೈವತ್ತು! ಯಂತ್ರ ತಪ್ಪಿದೆ ಎಂದು ಮೊದಲು ಸಿಟ್ಟು ಬಂತು. ಆಮೇಲೆ ಬರೆದದ್ದನ್ನು ಓದಿದೆ. ಅದು ನಾನು ಹೇಳಿದ್ದನ್ನೇ ಮಾಡಿತ್ತು. ಬಾಕಿಗಿಂತ ಹೆಚ್ಚು ಮುರಿಯಬಾರದು ಎಂಬುದನ್ನು ನಾನು ಹೇಳಿರಲೇ ಇಲ್ಲ. ಮೂವತ್ನಾಲ್ಕು ವರ್ಷ ನನ್ನ ಕೈ ಅದನ್ನು ತಾನಾಗಿ ಪಾಲಿಸಿತ್ತು, ಬಾಯಿ ಒಮ್ಮೆಯೂ ಆಡಿರಲಿಲ್ಲ.

ಅಂದಿನಿಂದ ಪ್ರೋಗ್ರಾಮಿಂಗ್ ಎಂದರೆ ನನಗೆ ಕೈಗೆ ಗೊತ್ತಿರುವುದನ್ನು ಬಾಯಿಗೆ ತರುವ ಕೆಲಸ. ಅನುಭವಸ್ಥರಿಗೆ ಇದು ಕಷ್ಟ, ಏಕೆಂದರೆ ಅವರ ಕೈಗೆ ಬಹಳ ಗೊತ್ತಿರುತ್ತದೆ. ಅದೇ ಕಾರಣಕ್ಕೆ ಅವರು ಇದನ್ನು ಕಲಿಯಬೇಕು. ಕೈಯಲ್ಲಿ ಅಷ್ಟು ತಿಳಿವಳಿಕೆ ಇಟ್ಟುಕೊಂಡವರು ಅದನ್ನು ಬರೆದಿಡದೆ ಹೋದರೆ ಅದು ಅವರ ಜೊತೆಗೇ ಹೋಗುತ್ತದೆ.

ಕಸೂತಿ ಬಲ್ಲ ಹೆಣ್ಣುಮಕ್ಕಳು ಇದನ್ನು ಬೇಗ ಹಿಡಿಯುತ್ತಾರೆಂದು ನನ್ನ ನಂಬಿಕೆ. ಕಸೂತಿಯಲ್ಲಿ ಬಟ್ಟೆಯ ಮೇಲೆ ಗೆರೆ ಎಳೆದುಕೊಳ್ಳುವುದಿಲ್ಲ, ಎಳೆ ಎಣಿಸಿ ಸೂಜಿ ಚುಚ್ಚುತ್ತೇವೆ. ಮುರಗಿ ಹೊಲಿಗೆ ಮೆಟ್ಟಿಲಿನಂತೆ ಹೋಗುತ್ತದೆ: ನಾಲ್ಕು ಎಳೆ ಮುಂದೆ, ನಾಲ್ಕು ಎಳೆ ಮೇಲೆ, ಮತ್ತೆ ಮುಂದೆ, ಮತ್ತೆ ಮೇಲೆ. ಪೈಥಾನ್‌ನೊಳಗೆ ಒಂದು ಆಮೆ ಇದೆ. ಅದಕ್ಕೆ ಇಪ್ಪತ್ತು ಹೆಜ್ಜೆ ಮುಂದೆ ಹೋಗು, ಎಡಕ್ಕೆ 90 ಡಿಗ್ರಿ ತಿರುಗು, ಇಪ್ಪತ್ತು ಹೆಜ್ಜೆ ಹೋಗು, ಬಲಕ್ಕೆ 90 ತಿರುಗು, ಇದನ್ನು ಎಂಟು ಸಲ ಮಾಡು ಎಂದರೆ ಪರದೆಯ ಮೇಲೆ ಮುರಗಿ ಏಳುತ್ತದೆ. ಈ ಆಮೆ ಮೊದಲು ಹುಟ್ಟಿದ್ದು ಲೋಗೋ ಎಂಬ ಭಾಷೆಯಲ್ಲಿ. ಮಕ್ಕಳು ಚಿತ್ರ ಬರೆಯುತ್ತ ಗಣಿತ ಕಲಿಯಲಿ ಎಂದು ಸೀಮೋರ್ ಪೇಪರ್ಟ್ ಮತ್ತು ಅವರ ಸಂಗಡಿಗರು 1967ರಲ್ಲಿ ಅಮೆರಿಕದಲ್ಲಿ ರೂಪಿಸಿದ ಭಾಷೆ ಅದು. ಅದನ್ನು ನಮ್ಮ ಯು.ಬಿ. ಪವನಜ ಅವರು ಕನ್ನಡಕ್ಕೆ ತಂದರು. ಆ ಕನ್ನಡ ಲೋಗೋದಲ್ಲಿ ಆಜ್ಞೆಗಳೇ ಕನ್ನಡದವು. ಅದು ಪ್ರತಿ ಪ್ರಾಥಮಿಕ ಶಾಲೆಗೂ ಹೋಗಬೇಕಿತ್ತು. ಹೋಗದಿದ್ದದ್ದು ನಮಗಾದ ನಷ್ಟ.

ಆಜ್ಞೆ ಕೊಟ್ಟು ಚಿತ್ರ ಮೂಡಿಸುವುದು ನಮ್ಮ ಮನೆಗೆ ಹೊಸದಲ್ಲ, ನಮ್ಮಪ್ಪನ ಮಗ್ಗದ ಮೇಲೆ ಜಕಾರ್ಡ್ ಇತ್ತು. ತೂತು ಹೊಡೆದ ರಟ್ಟಿನ ಕಾರ್ಡುಗಳ ಮಾಲೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಕೆಳಗೇ ಉಳಿಯುತ್ತದೆ, ಅಂಚಿನ ಹೂವು ತಾನಾಗಿ ಮೂಡುತ್ತದೆ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರೂಪಿಸಿದ ಯಂತ್ರದ ಆ ಕಾರ್ಡನ್ನೇ ಮುಂದೆ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಗೆ ತೆಗೆದುಕೊಂಡ. ಚಿಕ್ಕವಳಿದ್ದಾಗ ಹರಿದ ಕಾರ್ಡುಗಳನ್ನು ನಾನು ದಾರದಿಂದ ಪೋಣಿಸಿ ಕೊಡುತ್ತಿದ್ದೆ. ಕ್ರಮ ತಪ್ಪಿದರೆ ಹೂವು ಕೆಡುತ್ತದೆ ಎಂದು ಅಪ್ಪ ಎರಡೆರಡು ಸಲ ಎಣಿಸುತ್ತಿದ್ದರು.

ಈಗ ಗದಗ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಶಬ್ದಗಳೆಂದರೆ ನನಗೆ ಬಾಲ್ಯದಿಂದ ಪ್ರೀತಿ, ನಮ್ಮೂರೇ ಅಂಥದ್ದಲ್ಲವೇ? ಶಬ್ದ ಕೊಟ್ಟರೆ ಅದು ಅಂಥದ್ದು ಹೌದೋ ಅಲ್ಲವೋ ಹೇಳುವ ಪ್ರೋಗ್ರಾಂ ಬರೆದೆ. ಶಬ್ದವನ್ನು ತಿರುಗಿಸು, ಮೂಲದ ಜೊತೆ ಹೋಲಿಸು, ಅಷ್ಟೇ. ‘ಗದಗ’ ಎಂದೆ, ಹೌದು ಎಂದಿತು. ‘ಕನಕ’, ಹೌದು. ‘ನಯನ’, ಹೌದು. ಖುಷಿಯಿಂದ ‘ವಿಕಟಕವಿ’ ಎಂದೆ. ಅಲ್ಲ ಎಂದಿತು.

ಮೂರು ಸಲ ಟೈಪ್ ಮಾಡಿದೆ. ಮೂರು ಸಲವೂ ಅಲ್ಲ. ಊರಿಗೆಲ್ಲ ಗೊತ್ತಿರುವ ಶಬ್ದ! ಹುಡುಗಿ ಊರಲ್ಲಿರಲಿಲ್ಲ. ರಾತ್ರಿ ಹನ್ನೊಂದಾಯಿತು. ತಾಳೆಯಾಗದ ಲೆಕ್ಕಕ್ಕೆ ಏನು ಮಾಡುತ್ತಿದ್ದೆ? ಒಂದೊಂದೇ ನಮೂದಿನ ಮೇಲೆ ಬೆರಳಿಟ್ಟು ಓದುತ್ತಿದ್ದೆ. ಹಾಗೆಯೇ ಮಾಡಿದೆ. ಶಬ್ದದ ಒಂದೊಂದು ಅಕ್ಷರದ ಮನೆ ಸಂಖ್ಯೆ ತೋರಿಸು ಎಂದೆ. ಗದಗಕ್ಕೆ 3223, 3238, 3223. ಯಾವ ಕಡೆಯಿಂದ ಓದಿದರೂ ಸರಿ. ವಿಕಟಕವಿಯಲ್ಲಿ ನನ್ನ ಎಣಿಕೆಗೆ ಐದು ಅಕ್ಷರ, ಪರದೆಯ ಮೇಲೆ ಏಳು ಸಂಖ್ಯೆ. ‘ವಿ’ ಎಂಬ ಒಂದು ಅಕ್ಷರ ಅದಕ್ಕೆ ಎರಡು ತುಂಡು: ‘ವ’ 3253, ಅದರ ಮೇಲಿನ ಗುಡಿಸು 3263. ತಿರುಗಿಸಿದಾಗ ಗುಡಿಸು ಮೊದಲು ಬರುತ್ತದೆ, ವ ಆಮೇಲೆ. ತನಗೊಂದು ವ್ಯಂಜನವಿಲ್ಲದ ಗುಡಿಸು ಸಾಲಿನ ಆರಂಭದಲ್ಲಿ ಅನಾಥವಾಗಿ ನಿಂತಿತ್ತು. ‘ಕನ್ನಡ’ ಎಂಬ ಶಬ್ದದ ಉದ್ದ ಕೇಳಿದೆ. ಐದು ಎಂದಿತು: ಕ, ನ, ಸ್ವರವನ್ನು ಕಳೆಯುವ ಗುರುತು, ಮತ್ತೆ ನ, ಡ.

ಒಂದನೇ ತರಗತಿಯಿಂದ ಕಾಗುಣಿತ ಬಲ್ಲ ನಾನು ಅಕ್ಷರ ಎಂದರೇನು ಎಂದು ಯಾರಿಗೂ ವಿವರಿಸಿರಲಿಲ್ಲ. ಈಗ ವಿವರಿಸಬೇಕಾಯಿತು. ಸ್ವರಚಿಹ್ನೆ ಬಂದರೆ ಅದನ್ನು ಹಿಂದಿನ ಗುಂಪಿಗೆ ಸೇರಿಸು. ಸ್ವರ ಕಳೆಯುವ ಗುರುತನ್ನೂ ಸೇರಿಸು, ಅದರ ಬೆನ್ನಿಗೆ ಬರುವ ವ್ಯಂಜನವನ್ನೂ ಅದೇ ಗುಂಪಿಗೆ ಎಳೆದುಕೋ. ಉಳಿದದ್ದೆಲ್ಲ ಹೊಸ ಗುಂಪು. ಎರಡು ಸಂಜೆ ಹಿಡಿಯಿತು. ‘ಕನ್ನಡ’ ಮೂರಾಯಿತು. ‘ವಿಕಟಕವಿ’ ಐದಾಯಿತು, ಹೌದು ಎಂದಿತು. ‘ಕುಬೇರನಿಗೇನಿರಬೇಕು’ ಒಂಬತ್ತಾಯಿತು, ಅದಕ್ಕೂ ಹೌದು. ಮರುದಿನ ಹುಡುಗಿ ಬಂದು ‘ಗಂಗಾವತಿ’ ಕೊಟ್ಟು ನೋಡಿದಳು. ನಾಲ್ಕಿರಬೇಕಾದ ಕಡೆ ಐದು ಬಂತು. ಅನುಸ್ವಾರವನ್ನು ಮರೆತಿದ್ದೆ. ಅದನ್ನೂ ಹಿಂದಿನ ಗುಂಪಿಗೆ ಸೇರಿಸಿದೆ, ಸರಿಹೋಯಿತು. ಇಂಗ್ಲಿಷ್‌ನ ಪಾಠದಲ್ಲಿ ಈ ಪ್ರೋಗ್ರಾಂ ಒಂದೇ ಸಾಲಿನದು, ಕನ್ನಡದ್ದು ಹದಿನಾಲ್ಕು ಸಾಲು ಆಯಿತು. ಆ ಹದಿಮೂರು ಹೆಚ್ಚಿನ ಸಾಲುಗಳು ನನಗೆ ಕಲಿಸಿದ್ದನ್ನು ಆ ಒಂದು ಸಾಲು ಕಲಿಸುತ್ತಿರಲಿಲ್ಲ.

ಕಲಿಯಲು ದಾರಿ ಇಲ್ಲವೆಂದಲ್ಲ. ಮುಂಬೈ ಐಐಟಿಯ ‘ಸ್ಪೋಕನ್ ಟ್ಯುಟೋರಿಯಲ್’ ಯೋಜನೆಯಲ್ಲಿ ಲಿಬ್ರೆಆಫೀಸ್ ಮೊದಲಾದ ತಂತ್ರಾಂಶಗಳ ಪಾಠಗಳು ಕನ್ನಡ ದನಿಯಲ್ಲೂ ಇವೆ. ಒಂದೊಂದು ಪಾಠ ಹತ್ತು ನಿಮಿಷದ ಆಸುಪಾಸು, ನಿಲ್ಲಿಸಿ ನಿಲ್ಲಿಸಿ ಜೊತೆಗೆ ಮಾಡುತ್ತ ಹೋಗಬಹುದು. ಕೇಂದ್ರ ಸರ್ಕಾರ 2017ರಲ್ಲಿ ಶುರುಮಾಡಿದ ಗ್ರಾಮೀಣ ಡಿಜಿಟಲ್ ಸಾಕ್ಷರತಾ ಅಭಿಯಾನ ಮನೆಗೊಬ್ಬರಂತೆ ಆರು ಕೋಟಿ ಮನೆಗಳ ಗುರಿ ಇಟ್ಟುಕೊಂಡು 20 ಗಂಟೆಯ ತರಬೇತಿ ಕೊಟ್ಟಿತು, 2024ರ ಮಾರ್ಚಿಗೆ ಮುಗಿಯಿತು. ಅದರ ವಯೋಮಿತಿ 14ರಿಂದ 60. ಪಿಂಚಣಿ, ಔಷಧಿ, ಬ್ಯಾಂಕು ಎಂದು ಫೋನಿನ ಅಗತ್ಯ ಹೆಚ್ಚಾಗುವುದೇ ಅರವತ್ತರ ನಂತರ. ಆ ಗೆರೆಯನ್ನು ಅಲ್ಲಿ ಎಳೆದದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಇಪ್ಪತ್ತು ಗಂಟೆಯಲ್ಲಿ ನನಗೆ ಮೌಸ್ ಹತೋಟಿಗೆ ಬಂದಿತ್ತು ಅಷ್ಟೇ. ಹಿರಿಯರಿಗೆ ದಿನಕ್ಕೊಂದು ಗಂಟೆಯಂತೆ ಮೂರು ತಿಂಗಳು ಬೇಕು. ಹೆಚ್ಚಿನದೇನೂ ಬೇಡ.

ನಮ್ಮ ರಾಜ್ಯದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಈಗ ‘ಅರಿವು ಕೇಂದ್ರ’ಗಳಾಗಿವೆ, ಬಹಳಷ್ಟು ಕಡೆ ಕಂಪ್ಯೂಟರ್ ಬಂದಿದೆ. ಅಲ್ಲಿಯ ಮೇಲ್ವಿಚಾರಕರಲ್ಲಿ ನನ್ನದೊಂದು ಕೋರಿಕೆ: ವಾರಕ್ಕೆ ಎರಡು ಮಧ್ಯಾಹ್ನ ಆ ಕಂಪ್ಯೂಟರುಗಳನ್ನು ಊರಿನ ಹಿರಿಯರಿಗೆ ಬಿಟ್ಟುಕೊಡಿ. ಬಂದವರಿಗೆ ಸಿಪಿಯು ಎಂದರೇನು ಎಂದು ಬರೆಸಬೇಡಿ. ನೀವೇನು ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ, ಅಲ್ಲಿಂದ ಶುರುಮಾಡಿ. ಕಂಪ್ಯೂಟರ್ ಬಲ್ಲ ಮಕ್ಕಳಿಗೂ ಒಂದು ಮಾತು: ನಿಮ್ಮ ಅಜ್ಜಿಗೆ, ಅಪ್ಪನಿಗೆ, ಪಕ್ಕದ ಮನೆಯ ಕಾಕೂಗೆ ಸಂಜೆ ಒಂದು ಗಂಟೆ ಕೊಡಿ. ಪಕ್ಕದಲ್ಲಿ ಕೂತುಕೊಳ್ಳಿ, ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳಿ. ಮೌಸ್ ಅವರ ಕೈಯಲ್ಲೇ ಇರಲಿ.